ಮಳೆ ಬಂದರೆ ನೆಟ್ ಹೋಗುವ ಮನೆ

ಪುತ್ತೂರು ತಾಲ್ಲೂಕಿನ ನಮ್ಮ ಮನೆಯಲ್ಲಿ ಎರಡು ಮಳೆಗಾಲ ಪೂರ್ತಿ ಒಂದೇ ದೂರು ಇತ್ತು. ಮಳೆ ಬಂದರೆ ನೆಟ್ ಹೋಗುತ್ತದೆ ಎಂದು ಅಪ್ಪ ಬೆಂಗಳೂರಿಗೆ ಫೋನ್ ಮಾಡಿದಾಗಲೆಲ್ಲ ಹೇಳುತ್ತಿದ್ದರು. ರಸ್ತೆ ಬದಿಯ ಫೈಬರ್ ತಂತಿಯ ಮೇಲೆ ಎಲ್ಲೋ ಕೊಂಬೆ ಬಿದ್ದಿರಬೇಕು ಎಂದು ನಾನು ಪ್ರತಿಸಲವೂ ಅದೇ ಉತ್ತರ ಕೊಡುತ್ತಿದ್ದೆ. ಕಂಪನಿಯವರು ಎರಡು ಬಾರಿ ಬಂದು ಫೈಬರಿನಲ್ಲಿ ಬರುವ ಬೆಳಕಿನ ಮಟ್ಟವನ್ನು ಅಳೆದು, ಮೈನಸ್ 21 ಡಿಬಿಎಂ ಇದೆ, ಮೈನಸ್ 27ರ ತನಕ ಇಳಿದರೂ ನಡೆಯುತ್ತದೆ, ಲೈನ್ ಚೆನ್ನಾಗಿಯೇ ಇದೆ ಎಂದು ಹೇಳಿ ಹೋಗಿದ್ದರು. ಅವರ ಮಾತನ್ನು ನಾನು ನಂಬಿರಲಿಲ್ಲ. ಕಳೆದ ವರ್ಷ ಜೂನ್ ತಿಂಗಳಲ್ಲಿ ಮೂರು ವಾರ ಊರಿನಲ್ಲೇ ಕುಳಿತು ಕಚೇರಿಯ ಕೆಲಸ ಮಾಡಬೇಕಾಗಿ ಬಂದಾಗ ಅಪ್ಪ ಕಂಡದ್ದೂ ಸುಳ್ಳಲ್ಲ, ಕಂಪನಿಯವರು ಅಳೆದದ್ದೂ ಸುಳ್ಳಲ್ಲ, ತಪ್ಪು ಇರುವುದು ಮನೆಯೊಳಗೆ ನಾನೇ ಜೋಡಿಸಿ ಹೋಗಿದ್ದ ಒಂದು ಕೇಬಲಿನಲ್ಲಿ ಎಂಬುದು ಗೊತ್ತಾಯಿತು.

ನಮ್ಮದು ಮುರಕಲ್ಲಿನ ಮನೆ. ಹಳೆಯ ಭಾಗದ ಗೋಡೆಗಳು ಒಂದೂವರೆ ಅಡಿ ದಪ್ಪವಿದ್ದು, ಚಾವಡಿಯಲ್ಲಿಟ್ಟ ವೈಫೈಯ ಅಲೆಗಳು, ಅದರಲ್ಲೂ 5 ಗಿಗಾಹರ್ಟ್ಸ್‌ನವು, ಅಡುಗೆಮನೆಯನ್ನು ತಲಪುವಷ್ಟರಲ್ಲಿ ಬಳಲಿ ಹೋಗುತ್ತವೆ, ಉಪ್ಪರಿಗೆಯನ್ನಂತೂ ತಲಪುವುದೇ ಇಲ್ಲ. ಆದ್ದರಿಂದ ಫೈಬರ್ ಬಂದ ವರ್ಷವೇ ಇನ್ನೊಂದು ಸಣ್ಣ ರೂಟರ್ ಕೊಂಡು ಉಪ್ಪರಿಗೆಯಲ್ಲಿ ಇಟ್ಟು, ಚಾವಡಿಯಲ್ಲಿದ್ದ ಕಂಪನಿಯ ಡಬ್ಬಿಯಿಂದ, ನಮ್ಮಲ್ಲಿ ಎಲ್ಲರೂ ಮೋಡೆಮ್ ಎನ್ನುವ ಆ ಡಬ್ಬಿಯಿಂದ, ಅಲ್ಲಿಗೆ ಒಂದು ಕೇಬಲ್ ಎಳೆದಿದ್ದೆ. ಎರಡಕ್ಕೂ ಒಂದೇ ವೈಫೈ ಹೆಸರು, ಒಂದೇ ಪಾಸ್‌ವರ್ಡ್ ಕೊಟ್ಟಿದ್ದೆ. ಕೇಬಲಿನ ತುದಿಯನ್ನು ಮೇಲಿನ ರೂಟರಿನ ನಾಲ್ಕು ಹಳದಿ ಲ್ಯಾನ್ ಕಿಂಡಿಗಳಲ್ಲಿ, ಅಂದರೆ ಮನೆಯೊಳಗಿನ ಸಾಧನಗಳಿಗೆಂದಿರುವ ಕಿಂಡಿಗಳಲ್ಲಿ, ಒಂದಕ್ಕೆ ಸಿಕ್ಕಿಸಿ, ಫೋನಿನಲ್ಲಿ ಒಂದು ವಿಡಿಯೊ ಓಡಿಸಿ ನೋಡಿ, ಎಲ್ಲವೂ ಸರಿಯಾಯಿತೆಂದು ಮರುದಿನವೇ ಬೆಂಗಳೂರಿನ ಬಸ್ಸು ಹತ್ತಿದ್ದೆ.

ಆ ಜೂನ್‌ನಲ್ಲಿ ಒಂದು ಸಂಜೆ ಕರೆಂಟು ಹೋಗಿ ಬಂದ ಮೇಲೆ, ಊಟದ ಮೇಜಿನ ಮೇಲೆ ಅಕ್ಕಪಕ್ಕದಲ್ಲೇ ಇದ್ದ ಎರಡು ಫೋನುಗಳಲ್ಲಿ ಅಮ್ಮನದು ಸರಿಯಾಗಿ ನಡೆಯುತ್ತಿತ್ತು, ಅಪ್ಪನದು ವೈಫೈಗೆ ಸೇರಿದೆ ಆದರೆ ಅಂತರ್ಜಾಲವಿಲ್ಲ ಎನ್ನುತ್ತಿತ್ತು. ಒಂದೇ ಹೆಸರಿನ ವೈಫೈ, ಒಂದೇ ಮೇಜು. ಎರಡೂ ಫೋನಿನ ಸೆಟ್ಟಿಂಗ್ಸ್‌ನಲ್ಲಿ ವೈಫೈ ಹೆಸರಿನ ಮೇಲೆ ಒತ್ತಿ ವಿವರಗಳನ್ನು ತೆರೆದು ನೋಡಿದೆ. ಅಮ್ಮನ ಫೋನಿನ ಐಪಿ ವಿಳಾಸ, ಅಂದರೆ ಜಾಲದಲ್ಲಿ ಅದರ ಗುರುತಿನ ಸಂಖ್ಯೆ, 192.168.1.23; ಗೇಟ್‌ವೇ, ಅಂದರೆ ಹೊರಗೆ ಹೋಗುವ ಬಾಗಿಲಿನ ವಿಳಾಸ, 192.168.1.1. ಅಪ್ಪನ ಫೋನಿನದು 192.168.0.104, ಗೇಟ್‌ವೇ 192.168.0.1. ಆ ಒಂದು ಅಂಕಿಯ ವ್ಯತ್ಯಾಸವನ್ನು ಎರಡು ವರ್ಷ ಯಾರೂ ನೋಡಿರಲಿಲ್ಲ, ನೋಡಬೇಕಾಗಿದ್ದವನು ನಾನೇ.

ಮನೆಯ ಜಾಲಕ್ಕೆ ಒಂದು ಸಾಧನ ಹೊಸದಾಗಿ ಸೇರುವಾಗ ಅದಕ್ಕೆ ತನ್ನ ವಿಳಾಸವೂ ಗೊತ್ತಿರುವುದಿಲ್ಲ, ಹೊರಗೆ ಹೋಗುವ ಬಾಗಿಲು ಯಾವುದೆಂಬುದೂ ಗೊತ್ತಿರುವುದಿಲ್ಲ. ಆದ್ದರಿಂದ ಅದು ವಿಳಾಸ ಕೊಡುವವರು ಯಾರಾದರೂ ಇದ್ದೀರಾ ಎಂದು ಇಡೀ ಜಾಲಕ್ಕೆ ಕೇಳುವಂತೆ ಕೂಗುತ್ತದೆ. ಇದ್ದವರು ಇಂಥ ವಿಳಾಸ ಕೊಡಬಲ್ಲೆ ಎನ್ನುತ್ತಾರೆ. ಸಾಧನ ಅದನ್ನೇ ಕೊಡಿ ಎನ್ನುತ್ತದೆ. ಕೊಟ್ಟಿದ್ದೇನೆ ಎಂಬ ಒಪ್ಪಿಗೆ ಬರುತ್ತದೆ. ಈ ನಾಲ್ಕು ಮಾತುಗಳ ವ್ಯವಹಾರಕ್ಕೆ ಡಿಎಚ್‌ಸಿಪಿ ಎಂದು ಹೆಸರು, ಇಂದಿಗೂ ಬಳಕೆಯಲ್ಲಿರುವ ಅದರ ನಿಯಮ 1997ರ ಮಾರ್ಚ್‌ನಲ್ಲಿ ಪ್ರಕಟವಾದ ಆರ್‌ಎಫ್‌ಸಿ 2131 ಎಂಬ ದಾಖಲೆಯಲ್ಲಿದೆ. ಇಬ್ಬರು ಉತ್ತರ ಕೊಟ್ಟರೆ ಏನು ಮಾಡಬೇಕೆಂಬುದನ್ನು ಆ ನಿಯಮ ಸಾಧನದ ವಿವೇಚನೆಗೇ ಬಿಟ್ಟಿದೆ, ಸಾಮಾನ್ಯವಾಗಿ ಮೊದಲು ಬಂದ ಉತ್ತರವನ್ನೇ ಸಾಧನಗಳು ಒಪ್ಪಿಕೊಳ್ಳುತ್ತವೆ. ನಮ್ಮ ಮನೆಯಲ್ಲಿ ಆಗಿದ್ದೂ ಅದೇ. ಒಂದೇ ಗ್ರಾಮಕ್ಕೆ ಇಬ್ಬರು ಶ್ಯಾನುಭೋಗರು ಕುಳಿತು ಬೇರೆ ಬೇರೆ ಲೆಕ್ಕದ ಪುಸ್ತಕಗಳಲ್ಲಿ ಸರ್ವೆ ನಂಬರು ಬರೆಯುತ್ತಿದ್ದರು. ಚಾವಡಿಯ ಮೋಡೆಮ್ ಕೊಟ್ಟ ವಿಳಾಸ ಹಿಡಿದವರಿಗೆ ಹೊರಗಿನ ದಾರಿ ಸಿಗುತ್ತಿತ್ತು. ಉಪ್ಪರಿಗೆಯ ರೂಟರ್ ಕೊಟ್ಟ ವಿಳಾಸ ಹಿಡಿದವರು ಹೊರಗೆ ಹೋಗಲು ಅದೇ ರೂಟರನ್ನು ಕೇಳುತ್ತಿದ್ದರು, ಹೊರಗಿನ ಸಂಪರ್ಕ ಬರಬೇಕಾದ ಅದರ ವ್ಯಾನ್ ಕಿಂಡಿಯಲ್ಲಿ ಏನೂ ಸಿಕ್ಕಿಸಿರಲಿಲ್ಲವಾದ್ದರಿಂದ ಅದಕ್ಕೆ ಹೊರಗಿನ ದಾರಿಯೇ ಗೊತ್ತಿರಲಿಲ್ಲ.

ಕೇಬಲನ್ನು ಲ್ಯಾನ್ ಕಿಂಡಿಗೆ ಹಾಕಿದ್ದರಿಂದ ಮೇಲಿನ ವೈಫೈ, ಕೆಳಗಿನ ವೈಫೈ, ಗೋಡೆಯೊಳಗಿನ ಕೇಬಲ್ ಎಲ್ಲವೂ ಒಂದೇ ಜಾಲವಾಗಿಬಿಟ್ಟಿದ್ದವು ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಮನೆಯಲ್ಲಿ ಕೇಬಲಿನ ಜಾಲ ಒಂದು, ವೈಫೈಯ ಜಾಲ ಇನ್ನೊಂದು ಎಂದು ಬಹಳ ಜನ ತಿಳಿದಿದ್ದಾರೆ, ನಾನೂ ಹಾಗೆಯೇ ಯೋಚಿಸುತ್ತಿದ್ದೆ. ಹಾಗಾಗಿ ಚಾವಡಿಯಲ್ಲಿ ಕೆಳಗಿನ ವೈಫೈಗೆ ಸೇರಿದ ಫೋನಿಗೆ ಉಪ್ಪರಿಗೆಯ ರೂಟರಿನ ವಿಳಾಸ ಸಿಗಬಹುದೆಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ವೈಫೈ ಕಡಿದು ಸೇರಿಸಿ, ವೈಫೈ ಚಾನೆಲ್ ಬದಲಿಸಿ, ವೈಫೈ ಪಾಸ್‌ವರ್ಡ್ ಮರೆಸಿ ಮತ್ತೆ ಬರೆದು ಮಾಡಿದ ಎಲ್ಲ ಚಿಕಿತ್ಸೆಯೂ ಆ ತಪ್ಪು ತಿಳಿವಳಿಕೆಯಿಂದ ಬಂದದ್ದು.

ಇನ್ನು ಮಳೆಯ ವಿಷಯ. ನಮ್ಮ ಕಡೆ ಗಾಳಿಮಳೆ ಬಂದರೆ ಕರೆಂಟು ಹೋಗುತ್ತದೆ. ಮನೆಯ ಇನ್ವರ್ಟರಿಗೆ ದೀಪ, ಫ್ಯಾನುಗಳನ್ನು ಮಾತ್ರ ಸೇರಿಸಿರುವುದರಿಂದ ಮೋಡೆಮ್, ರೂಟರ್ ಎರಡೂ ಆರುತ್ತವೆ. ಕರೆಂಟು ಬಂದ ಮೇಲೆ ಯಾವುದು ಮೊದಲು ಏಳುತ್ತದೆ ಎಂದು ಗಡಿಯಾರ ಹಿಡಿದು ನೋಡಿದೆ. ಮೇಲಿನ ಸಣ್ಣ ರೂಟರ್ ಅರ್ಧ ನಿಮಿಷದಲ್ಲಿ ಸಿದ್ಧವಾಗುತ್ತಿತ್ತು, ಫೈಬರಿನ ಮೋಡೆಮ್‌ಗೆ ಎರಡು ನಿಮಿಷಕ್ಕೂ ಹೆಚ್ಚು ಬೇಕಾಗುತ್ತಿತ್ತು. ಆ ಒಂದೂವರೆ ನಿಮಿಷದಲ್ಲಿ ವಿಳಾಸ ಕೇಳಿದ ಫೋನು, ಟಿವಿ, ಕಂಪ್ಯೂಟರುಗಳಿಗೆಲ್ಲ ಉತ್ತರ ಕೊಡಲು ಇದ್ದವನು ಒಬ್ಬನೇ, ದಾರಿ ಗೊತ್ತಿಲ್ಲದವನು. ಬೇಸಿಗೆಯಲ್ಲಿ ಕರೆಂಟು ಹೋಗುವುದು ಕಡಿಮೆಯಾದ್ದರಿಂದ ತೊಂದರೆಯೂ ಕಡಿಮೆ. ಸಾಲದ್ದಕ್ಕೆ ಈ ವಿಳಾಸಗಳು ಗೇಣಿಯ ಹಾಗೆ ಅವಧಿಗೆ ಕೊಟ್ಟವು; ಅವಧಿಯ ಅರ್ಧ ಕಳೆದಾಗ ಸಾಧನವು ಕೊಟ್ಟವನನ್ನೇ ಹುಡುಕಿ ಅದನ್ನು ಮುಂದುವರಿಸಿಕೊಳ್ಳುತ್ತದೆ. ಒಮ್ಮೆ ತಪ್ಪು ಮನೆ ಸೇರಿದ ಫೋನು ಹಾಗಾಗಿ ತಾನಾಗಿ ಸರಿಯಾಗುತ್ತಲೇ ಇರಲಿಲ್ಲ. ನೆಟ್ ಹೋದಾಗಲೆಲ್ಲ ಅಪ್ಪ ಮೋಡೆಮ್‌ನ ಸ್ವಿಚ್ ತೆಗೆದು ಹಾಕುತ್ತಿದ್ದರು, ಅದರಿಂದ ಅಲ್ಲಿಯವರೆಗೆ ಸರಿಯಿದ್ದ ಇನ್ನೊಂದೆರಡು ಸಾಧನಗಳೂ ಮೇಲಿನ ರೂಟರಿನ ಕೈಗೆ ಸಿಕ್ಕಿಬೀಳುತ್ತಿದ್ದವು.

ಪರಿಹಾರಕ್ಕೆ ಹಿಡಿದದ್ದು ಹತ್ತು ನಿಮಿಷ, ಆದರೆ ಅದರಲ್ಲಿ ಕ್ರಮ ತಪ್ಪಿದರೆ ಅರ್ಧ ದಿನ ಹೋಗುತ್ತದೆ. ಮೇಲಿನ ರೂಟರಿಗೆ ಲ್ಯಾಪ್‌ಟಾಪನ್ನು ಕೇಬಲಿನಿಂದ ನೇರವಾಗಿ ಸೇರಿಸಿ, ಚಾವಡಿಯಿಂದ ಬರುವ ಕೇಬಲನ್ನು ತಾತ್ಕಾಲಿಕವಾಗಿ ಕಳಚಿ, ಮೊದಲು ಆ ರೂಟರಿನ ಸ್ವಂತ ವಿಳಾಸವನ್ನು 192.168.0.1ರಿಂದ 192.168.1.2ಕ್ಕೆ ಬದಲಿಸಿದೆ; ಅನಂತರ ಅದೇ ಹೊಸ ವಿಳಾಸದ ಮೂಲಕ ಒಳಗೆ ಹೋಗಿ ಅದರ ಡಿಎಚ್‌ಸಿಪಿಯನ್ನು ನಿಲ್ಲಿಸಿದೆ. ಮೊದಲು ಡಿಎಚ್‌ಸಿಪಿ ನಿಲ್ಲಿಸಿ ಎಲ್ಲವನ್ನೂ ಜೋಡಿಸಿಬಿಟ್ಟರೆ ಲ್ಯಾಪ್‌ಟಾಪಿಗೆ ಮೋಡೆಮ್‌ನಿಂದ 192.168.1ರ ಸಾಲಿನ ವಿಳಾಸ ಬರುತ್ತದೆ, ರೂಟರ್ ಮಾತ್ರ 192.168.0ರ ಸಾಲಿನಲ್ಲೇ ಕುಳಿತಿರುತ್ತದೆ, ಅದರ ಪುಟವನ್ನು ತೆರೆಯಲು ಲ್ಯಾಪ್‌ಟಾಪಿಗೆ ಕೈಯಾರೆ ವಿಳಾಸ ಬರೆಯದೆ ಬೇರೆ ದಾರಿಯಿಲ್ಲ. ಮೋಡೆಮ್‌ನಲ್ಲಿ ಹಂಚುವ ವಿಳಾಸಗಳ ಕೊನೆಯ ಸಂಖ್ಯೆಯನ್ನು 20ರಿಂದ 200ರ ಒಳಗೆ ಮಿತಿಗೊಳಿಸಿ, ಅದಕ್ಕಿಂತ ಕೆಳಗಿನ ಸಂಖ್ಯೆಗಳನ್ನು ಕೈಯಾರೆ ಕೊಡಬೇಕಾದ ಸಾಧನಗಳಿಗೆ ಮೀಸಲಿಟ್ಟೆ. ಹೊಸ ರೂಟರುಗಳಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಎಂಬ ಒಂದೇ ಗುಂಡಿ ಈ ಕೆಲಸವನ್ನೆಲ್ಲ ಮಾಡುತ್ತದೆ. ನಮ್ಮ ಅಗ್ಗದ ರೂಟರಿನಲ್ಲಿ ಅದು ಇರಲಿಲ್ಲ.

ಕೇಬಲನ್ನು ಮೇಲಿನ ರೂಟರಿನ ವ್ಯಾನ್ ಕಿಂಡಿಗೇ ಹಾಕಬಹುದಿತ್ತಲ್ಲ ಎಂದು ಗೆಳೆಯರೊಬ್ಬರು ಕೇಳಿದರು. ಹಾಕಬಹುದು, ಇಬ್ಬರು ಶ್ಯಾನುಭೋಗರ ಜಗಳ ಅದರಿಂದ ತೀರುತ್ತದೆ. ಆದರೆ ಆಗ ಮನೆಯೊಳಗೆ ನಿಜವಾಗಿ ಎರಡು ಜಾಲಗಳಾಗುತ್ತವೆ. ಉಪ್ಪರಿಗೆಯ ಲ್ಯಾಪ್‌ಟಾಪಿನಿಂದ ಚಾವಡಿಯ ಪ್ರಿಂಟರಿಗೆ ಅದರ ವಿಳಾಸ ಬರೆದು ಹೋಗಬಹುದು, ಚಾವಡಿಯ ಕಂಪ್ಯೂಟರಿನಿಂದ ಉಪ್ಪರಿಗೆಯ ಸಾಧನಗಳಿಗೆ ಹೋಗಲಾಗದು, ಪ್ರಿಂಟರನ್ನು ತಾನಾಗಿ ಹುಡುಕಿಕೊಡುವ ಕೂಗು ಮಧ್ಯದ ಗೋಡೆಯನ್ನು ದಾಟುವುದಿಲ್ಲ. ಎರಡೂ ಕಡೆ ಕಾರ್ಖಾನೆಯಿಂದಲೇ 192.168.1ರ ಸಾಲು ಬಂದಿದ್ದರೆ ಇನ್ನೂ ಕಷ್ಟ: ಆ ವಿಳಾಸ ತನ್ನ ಒಳಗಿನದೋ ಹೊರಗಿನದೋ ಎಂದು ರೂಟರಿಗೇ ತಿಳಿಯದೆ ಪ್ಯಾಕೆಟ್ಟುಗಳು, ಅಂದರೆ ಮಾಹಿತಿಯ ತುಣುಕುಗಳು, ಮುಂದೆ ಹೋಗುವುದಿಲ್ಲ. ಇದಲ್ಲದೆ ಅನೇಕ ಕಂಪನಿಗಳು ತಮ್ಮ ಕಡೆಯಲ್ಲೂ ಸಾವಿರಾರು ಮನೆಗಳನ್ನು ಒಂದು ಸಾರ್ವಜನಿಕ ವಿಳಾಸದ ಹಿಂದೆ ಕೂರಿಸುತ್ತವೆ. ಮೋಡೆಮ್‌ನ ಪುಟದಲ್ಲಿ ಹೊರಗಿನ ವಿಳಾಸ 100.64ರಿಂದ 100.127ರ ಒಳಗೆ ಕಂಡರೆ, 2012ರಲ್ಲಿ ಇದಕ್ಕೆಂದೇ ತೆಗೆದಿಟ್ಟ ಸಾಲಿನಲ್ಲಿ ನೀವಿದ್ದೀರಿ ಎಂದರ್ಥ. ಅದರ ಮೇಲೆ ನಾವೂ ಮನೆಯೊಳಗೆ ಮೇಲಿನ ರೂಟರಿನಲ್ಲಿ ಒಮ್ಮೆ, ಮೋಡೆಮ್‌ನಲ್ಲಿ ಇನ್ನೊಮ್ಮೆ ಎಂದು ಎರಡು ಬಾರಿ ವಿಳಾಸ ಬದಲಿಸುವುದು ನನಗೆ ಸರಿಕಾಣಲಿಲ್ಲ. ಬಾಡಿಗೆಯವರಿಗೆ ಮೇಲಿನ ಮನೆ ಕೊಟ್ಟಿದ್ದು ಅವರ ಸಾಧನಗಳು ನಮ್ಮವನ್ನು ನೋಡಬಾರದು ಎಂದಿದ್ದರೆ ವ್ಯಾನ್ ಕಿಂಡಿಯ ದಾರಿಯನ್ನು ಯೋಚಿಸುತ್ತಿದ್ದೆನೇನೋ.

ಇಷ್ಟಾದ ಮೇಲೆ ಅಪ್ಪನ ದೂರು ನಿಂತಿತು, ನನ್ನದು ಆರಂಭವಾಯಿತು. ಉಪ್ಪರಿಗೆಯ ಮೂಲೆಯ ಕೋಣೆಯಲ್ಲಿ ಮೇಜು ಹಾಕಿಕೊಂಡು, ರೂಟರಿನಿಂದ ಗೋಡೆಯೊಳಗೆ ಬಂದ ಕೇಬಲನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಕೆಲಸ ಮಾಡುತ್ತಿದ್ದೆ. ಕೇಬಲ್ ಇದ್ದರೂ ಗಂಟೆಗೆ ಎರಡು ಮೂರು ಬಾರಿ ಕಚೇರಿಯ ವಿಪಿಎನ್, ಅಂದರೆ ಕಚೇರಿಯ ಜಾಲಕ್ಕೆ ಹೋಗುವ ಗುಟ್ಟಿನ ಸುರಂಗ, ಕಡಿದು ಮತ್ತೆ ಸೇರುತ್ತಿತ್ತು, ಸಭೆಯ ನಡುವೆ ನನ್ನ ಮುಖ ಅರ್ಧ ಬಾಯಿ ತೆರೆದ ಸ್ಥಿತಿಯಲ್ಲಿ ನಿಂತುಬಿಡುತ್ತಿತ್ತು. ಕೇಬಲ್ ಹಾಕಿದ್ದೇನೆ, ಆದ್ದರಿಂದ ಲ್ಯಾಪ್‌ಟಾಪ್ ಕೇಬಲಿನಲ್ಲೇ ಹೋಗುತ್ತದೆ ಎಂಬ ನಂಬಿಕೆ ನನ್ನದು. ಹಾಗೆ ಹೋಗಲೇಬೇಕೆಂಬ ನಿಯಮವಿಲ್ಲ. ಕೇಬಲ್ ಮತ್ತು ವೈಫೈ ಎರಡೂ ಸೇರಿರುವಾಗ ಲ್ಯಾಪ್‌ಟಾಪಿಗೆ ಎರಡು ವಿಳಾಸಗಳಿರುತ್ತವೆ, ನನ್ನದಕ್ಕೆ 192.168.1.34 ಮತ್ತು 192.168.1.35 ಇದ್ದವು, ಎರಡರ ಗೇಟ್‌ವೇಯೂ ಒಂದೇ. ಯಾವ ದಾರಿ ಹಿಡಿಯಬೇಕೆಂಬುದನ್ನು ವಿಂಡೋಸ್ ಪ್ರತಿ ದಾರಿಗೂ ಕೊಟ್ಟಿರುವ ಮೆಟ್ರಿಕ್ ಎಂಬ ಅಂಕಿಯನ್ನು ನೋಡಿ ನಿರ್ಧರಿಸುತ್ತದೆ. ಅಂಕಿ ಕಡಿಮೆಯಿದ್ದ ದಾರಿಗೆ ಮೊದಲ ಮರ್ಯಾದೆ.

ಆ ಅಂಕಿಯನ್ನು ನಾವು ಬರೆಯದಿದ್ದರೆ ವಿಂಡೋಸ್ ತಾನೇ ಸಂಪರ್ಕದ ವೇಗ ನೋಡಿ ಬರೆದುಕೊಳ್ಳುತ್ತದೆ. ಮೈಕ್ರೋಸಾಫ್ಟ್ ಪ್ರಕಟಿಸಿರುವ ಪಟ್ಟಿಯ ಪ್ರಕಾರ, ವಿಂಡೋಸ್ 10 ಮತ್ತು ಅನಂತರದ ಆವೃತ್ತಿಗಳಲ್ಲಿ ಸೆಕೆಂಡಿಗೆ 1 ಗಿಗಾಬಿಟ್‌ನ ಕೇಬಲಿಗೆ 25, 100 ಮೆಗಾಬಿಟ್‌ನ ಕೇಬಲಿಗೆ 35. ವೈಫೈಯಲ್ಲಿ 500 ಮೆಗಾಬಿಟ್‌ನಿಂದ 2 ಗಿಗಾಬಿಟ್‌ನ ಒಳಗಿದ್ದರೆ 30. ಕಮಾಂಡ್ ಕಿಟಕಿಯಲ್ಲಿ ರೂಟ್ ಪ್ರಿಂಟ್ ಎಂಬ ಆದೇಶ ಕೊಟ್ಟು ನೋಡಿದಾಗ ನನ್ನ ಲ್ಯಾಪ್‌ಟಾಪಿನಲ್ಲಿ ವೈಫೈಗೆ 30 ಇತ್ತು, ಕೇಬಲಿಗೆ 35 ಇತ್ತು. ವೈಫೈ 866 ಮೆಗಾಬಿಟ್‌ನಲ್ಲಿ ಸೇರಿತ್ತು, ಕೇಬಲ್ 100ರಲ್ಲಿ. ಹೀಗಾಗಿ ಕೇಬಲ್ ಸಿಕ್ಕಿಸಿಯೇ ಇದ್ದರೂ ನನ್ನ ಮಾತೆಲ್ಲ ಗಾಳಿಯಲ್ಲೇ ಹೋಗುತ್ತಿತ್ತು. ಮೂಲೆಯ ಕೋಣೆಯಲ್ಲಿ ವೈಫೈ ಕ್ಷಣಕಾಲ ಕಡಿದಾಗ ಲ್ಯಾಪ್‌ಟಾಪ್ ಕೇಬಲಿಗೆ ಇಳಿಯುತ್ತಿತ್ತು, ವೈಫೈ ಮರಳಿದೊಡನೆ ಮತ್ತೆ ಅದಕ್ಕೇ ಏರುತ್ತಿತ್ತು. ಈ ಪ್ರತಿಯೊಂದು ಹತ್ತಿಳಿಯುವಿಕೆಗೂ ವಿಪಿಎನ್ ತನ್ನ ಸುರಂಗವನ್ನು ಹೊಸದಾಗಿ ತೋಡಬೇಕಾಗುತ್ತಿತ್ತು. ಬರೀ ವೈಫೈ ಇದ್ದರೆ ಒಮ್ಮೆ ಕಡಿಯುತ್ತಿತ್ತು, ಎರಡೂ ಇದ್ದದ್ದರಿಂದ ಎರಡು ಸಲ ಕಡಿಯುತ್ತಿತ್ತು.

ವೈಫೈ ಆರಿಸಿದರೆ ಸಮಸ್ಯೆ ಮುಗಿಯಿತು ಎನ್ನಬಹುದು, ಮೊದಲ ದಿನ ನಾನು ಮಾಡಿದ್ದೂ ಅದನ್ನೇ. ಆದರೆ ರೂಟರ್, ಹೊಸ ಲ್ಯಾಪ್‌ಟಾಪ್, ಕ್ಯಾಟ್ 6 ಕೇಬಲ್ ಎಲ್ಲವೂ ಗಿಗಾಬಿಟ್‌ನವು. ಸಂಪರ್ಕ 100ಕ್ಕೆ ಏಕೆ ನಿಂತಿತು ಎಂಬುದು ಬಗೆಹರಿದಿರಲಿಲ್ಲ. ಕೇಬಲಿನೊಳಗೆ ನಾಲ್ಕು ಜೋಡಿ, ಒಟ್ಟು ಎಂಟು ತಂತಿಗಳು ಇರುತ್ತವೆ. 100 ಮೆಗಾಬಿಟ್‌ಗೆ ಎರಡು ಜೋಡಿ ಸಾಕು. ಗಿಗಾಬಿಟ್‌ಗೆ ನಾಲ್ಕೂ ಬೇಕು. ಆ ಎರಡನ್ನು ಬಿಟ್ಟು ಉಳಿದವುಗಳಲ್ಲಿ ಒಂದು ಜೋಡಿ ಕೆಟ್ಟರೂ ಎರಡು ತುದಿಯ ಯಂತ್ರಗಳು ತಮ್ಮೊಳಗೇ ಮಾತಾಡಿಕೊಂಡು 100ಕ್ಕೆ ಇಳಿಯುತ್ತವೆ, ಯಾರಿಗೂ ಹೇಳುವುದಿಲ್ಲ. ಗೋಡೆಯ ಪೆಟ್ಟಿಗೆ ಬಿಚ್ಚಿ ನೋಡಿದರೆ ಕಿತ್ತಳೆ ಮತ್ತು ಹಸಿರು ಜೋಡಿಗಳನ್ನು ಮಾತ್ರ ಕೂರಿಸಿ, ನೀಲಿ ಮತ್ತು ಕಂದು ಜೋಡಿಗಳನ್ನು ಬುಡಕ್ಕೇ ಕತ್ತರಿಸಿ ಒಳಗೆ ಮಡಚಲಾಗಿತ್ತು. ಮನೆಯ ವಯರಿಂಗ್ ಮಾಡಿದವರನ್ನು ಫೋನಿನಲ್ಲಿ ಕೇಳಿದೆ. “ನಾಲ್ಕು ತಂತಿಯಲ್ಲೇ ಓಡುತ್ತದಲ್ಲ ಅಣ್ಣ, ಉಳಿದದ್ದು ಕಂಪನಿಯವರು ಸುಮ್ಮನೆ ಹಾಕುವುದು” ಎಂದರು. ಓಡುತ್ತದೆ ಎಂಬ ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ, ಹತ್ತು ವರ್ಷದ ಹಿಂದಾದರೆ ನನಗೂ ಅದು ಗೊತ್ತಾಗುತ್ತಿರಲಿಲ್ಲ.

ಪುತ್ತೂರು ಪೇಟೆಯಿಂದ ಕ್ರಿಂಪಿಂಗ್ ಇಕ್ಕಳವನ್ನೂ ಹತ್ತು ಆರ್‌ಜೆ-45 ತುದಿಗಳನ್ನೂ ತಂದು, ಎರಡು ತುದಿಗಳನ್ನು ಹಾಳು ಮಾಡಿ, ಮೂರನೆಯದರಲ್ಲಿ ಸರಿಯಾದ ಕ್ರಮ ಕೂರಿಸಿದೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಇಲ್ಲಿ ಹಸಿರಿನ ಜೋಡಿ ಬೇರೆಯಾಗಿ ಮೂರು ಮತ್ತು ಆರನೆಯ ಜಾಗದಲ್ಲಿ ಕೂರುತ್ತದೆ. ಕಣ್ಣಿಗೆ ಚೆಂದವೆಂದು ಜೋಡಿಗಳನ್ನು ಸಾಲಾಗಿ ಒಟ್ಟಿಗೆ ಕೂರಿಸಿದರೆ ಕೇಬಲ್ ಪರೀಕ್ಷೆಯ ದೀಪಗಳೆಲ್ಲ ಹೊತ್ತುತ್ತವೆ, ಸಂಪರ್ಕ ಮಾತ್ರ ಗೋಳಾಡುತ್ತದೆ. ಲ್ಯಾಪ್‌ಟಾಪ್ 1 ಗಿಗಾಬಿಟ್ ತೋರಿಸಿತು, ಮೆಟ್ರಿಕ್ 25ಕ್ಕೆ ಇಳಿಯಿತು, ವೈಫೈ ಹಚ್ಚಿದ್ದರೂ ಕೆಲಸವೆಲ್ಲ ಕೇಬಲಿನಲ್ಲೇ ಸಾಗತೊಡಗಿತು. ಮ್ಯಾಕ್ ಕಂಪ್ಯೂಟರಿನಲ್ಲಿ ಈ ಲೆಕ್ಕವಿಲ್ಲ, ಅಲ್ಲಿ ಸೇವೆಗಳ ಪಟ್ಟಿಯಲ್ಲಿ ಮೇಲಿದ್ದದ್ದೇ ಮೊದಲು. ಲಿನಕ್ಸಿನ ನೆಟ್‌ವರ್ಕ್ ಮ್ಯಾನೇಜರ್ ಸಾಮಾನ್ಯವಾಗಿ ಕೇಬಲಿಗೆ 100, ವೈಫೈಗೆ 600 ಎಂದು ವೇಗ ನೋಡದೆಯೇ ಬರೆಯುತ್ತದೆ. ಈ ಒಂದು ವಿಷಯದಲ್ಲಿ ನನಗೆ ಲಿನಕ್ಸಿನ ಮೊಂಡುತನವೇ ಹಿತವಾಗಿ ಕಾಣುತ್ತದೆ.

ಪ್ರಿಂಟರಿನ ಕತೆ ಚಿಕ್ಕದು. ಅಂಗಡಿಯವರು ಅದರೊಳಗೆ 192.168.1.50 ಎಂಬ ವಿಳಾಸವನ್ನು ಕೈಯಾರೆ ಬರೆದಿದ್ದರು, ಮೋಡೆಮ್ ಅದೇ 50ನ್ನು ಕೆಲವು ದಿನ ಯಾವುದಾದರೂ ಫೋನಿಗೂ ಹಂಚುತ್ತಿತ್ತು. ಆ ಫೋನು ಮನೆಯಲ್ಲಿದ್ದಾಗ ಪ್ರಿಂಟರ್ ಕಾಣೆಯಾಗುತ್ತಿತ್ತು. ಕಮಾಂಡ್ ಕಿಟಕಿಯಲ್ಲಿ, ಯಾವ ಐಪಿ ವಿಳಾಸ ಯಾವ ಸಾಧನದ್ದೆಂದು ತೋರಿಸುವ ಎಆರ್‌ಪಿ ಪಟ್ಟಿಯನ್ನು ತೆರೆದು ನೋಡಿದರೆ 50ರ ಎದುರಿಗೆ ಒಮ್ಮೆ ಪ್ರಿಂಟರಿನ ಮ್ಯಾಕ್ ವಿಳಾಸ (ಕಾರ್ಖಾನೆಯಲ್ಲೇ ಸಾಧನಕ್ಕೆ ಬರೆದ ಗುರುತು), ಇನ್ನೊಮ್ಮೆ ಬೇರೆ ಯಾರದೋ ಮ್ಯಾಕ್ ವಿಳಾಸ ಕಾಣುತ್ತಿತ್ತು. ಪ್ರಿಂಟರನ್ನು ಮೀಸಲಿಟ್ಟ ಸಾಲಿನ 192.168.1.10ಕ್ಕೆ ಕಳುಹಿಸಿದೆ. ಫೋನುಗಳಿಗೂ ಹೀಗೆ ಮ್ಯಾಕ್ ವಿಳಾಸ ನೋಡಿ ಖಾಯಂ ಸಂಖ್ಯೆ ಕೊಡಲು ಹೊರಟು ಕೈಬಿಟ್ಟೆ. 2019ರ ಆಂಡ್ರಾಯ್ಡ್ 10, 2020ರ ಐಒಎಸ್ 14 ಬಂದ ಮೇಲೆ ಫೋನುಗಳು ಪ್ರತಿಯೊಂದು ವೈಫೈ ಹೆಸರಿಗೂ ಬೇರೆ ಬೇರೆ ಹುಸಿ ಮ್ಯಾಕ್ ವಿಳಾಸವನ್ನು ತೋರಿಸುವುದರಿಂದ ಆ ಲೆಕ್ಕ ಯಾವಾಗಲೂ ನಿಲ್ಲುತ್ತದೆಂಬ ಭರವಸೆಯಿಲ್ಲ.

ದಸರಾ ರಜೆಗೆ ಅಕ್ಕನ ಮಗ ಬಂದಾಗ ಮೂರನೆಯ ತೊಂದರೆ ಬಂತು. ಅಡಿಕೆ ಒಣಗಿಸುವ ಅಂಗಳದ ಮೇಲೆ ಕಣ್ಣಿಡಲು ಹಿಂದಿನ ಕೊಟ್ಟಿಗೆಯ ಗೋಡೆಗೆ ಒಂದು ಕ್ಯಾಮೆರಾ, ಅದಕ್ಕಾಗಿ ಉಪ್ಪರಿಗೆಯ ವೈಫೈಯನ್ನು ಹಿಡಿದು ಮುಂದಕ್ಕೆ ಬಿತ್ತರಿಸುವ ಎಕ್ಸ್‌ಟೆಂಡರ್ ಒಂದನ್ನು ಹಾಕಿದ್ದೆವು. ಚಿತ್ರ ಆಗಾಗ ನಿಲ್ಲುತ್ತಿತ್ತು. “ಮಾವ, ಇದಕ್ಕೊಂದು ಕೇಬಲಿನ ಕಿಂಡಿ ಉಂಟಲ್ಲ, ಕೇಬಲೂ ಕೊಟ್ಟರೆ ಗಟ್ಟಿ ಆಗಲಿಕ್ಕಿಲ್ಲವಾ?” ಎಂದು ಅವನು ಕೇಳಿದ. ಒಳ್ಳೆಯ ಯೋಚನೆ ಎಂದು ನಾನೇ ಹುರಿದುಂಬಿಸಿದೆ. ನಲವತ್ತು ಮೀಟರ್ ಕೇಬಲ್ ಎಳೆದು ಒಂದು ತುದಿಯನ್ನು ಚಾವಡಿಯಲ್ಲಿ ಕೇಬಲುಗಳನ್ನೆಲ್ಲ ಒಟ್ಟು ಸೇರಿಸುವ ಸ್ವಿಚ್ ಎಂಬ ಐದು ಕಿಂಡಿಯ ಡಬ್ಬಿಗೂ ಇನ್ನೊಂದನ್ನು ಎಕ್ಸ್‌ಟೆಂಡರಿಗೂ ಸಿಕ್ಕಿಸಿದ ಕೆಲವೇ ಸೆಕೆಂಡುಗಳಲ್ಲಿ ಸ್ವಿಚ್ಚಿನ ಎಲ್ಲ ದೀಪಗಳೂ ಒಂದೇ ತಾಳದಲ್ಲಿ ಹುಚ್ಚೆದ್ದು ಮಿನುಗತೊಡಗಿದವು, ಮನೆಯಲ್ಲಿ ಕೇಬಲಿನದೂ ವೈಫೈಯದೂ ಎಲ್ಲ ಸಂಪರ್ಕಗಳು ಸತ್ತವು.

ಎಕ್ಸ್‌ಟೆಂಡರ್ ವೈಫೈಯಿಂದ ಸೇರಿದ್ದು ಹಾಗೆಯೇ ಇತ್ತು, ಈಗ ಕೇಬಲಿನಿಂದಲೂ ಸೇರಿತು. ಸ್ವಿಚ್, ಕೇಬಲ್, ಎಕ್ಸ್‌ಟೆಂಡರ್, ಗಾಳಿ, ಉಪ್ಪರಿಗೆಯ ರೂಟರ್, ಮತ್ತೆ ಕೇಬಲ್, ಮತ್ತೆ ಸ್ವಿಚ್ ಎಂದು ಒಂದು ಪೂರ್ಣ ವೃತ್ತವಾಯಿತು. ಎಲ್ಲರಿಗೂ ಕೇಳಲೆಂದು ಒಂದು ಸಾಧನ ಹಾಕಿದ ಕೂಗನ್ನು ಪ್ರತಿಯೊಂದು ಡಬ್ಬಿಯೂ ತನ್ನ ಉಳಿದ ಎಲ್ಲ ಕಿಂಡಿಗಳಿಂದ ಹೊರಗೆ ಕಳುಹಿಸಬೇಕು, ಅದೇ ಅದರ ಕೆಲಸ. ವೃತ್ತದಲ್ಲಿ ಆ ಕೂಗು ಸುತ್ತಿ ಸುತ್ತಿ ಬರುತ್ತದೆ. ಐಪಿ ಪ್ಯಾಕೆಟ್ಟಿಗೆ ಇಷ್ಟು ಹೆಜ್ಜೆಯ ಬಳಿಕ ಸಾಯಬೇಕೆಂಬ ಎಣಿಕೆ ಉಂಟು. ಅದಕ್ಕಿಂತ ಕೆಳಗಿನ ಮಟ್ಟದಲ್ಲಿ ಆ ಪ್ಯಾಕೆಟ್ಟನ್ನು ಹೊತ್ತೊಯ್ಯುವ ಈಥರ್ನೆಟ್ ಚೌಕಟ್ಟಿಗೆ ಅಂಥ ಆಯುಷ್ಯದ ಲೆಕ್ಕವಿಲ್ಲ, ಯಾರಾದರೂ ಕೇಬಲ್ ಕೀಳುವ ತನಕ ಅದು ಸುತ್ತುತ್ತಲೇ ಇರುತ್ತದೆ. ಇದಕ್ಕೆ ಪರಿಹಾರವನ್ನು ರೇಡಿಯಾ ಪರ್ಲ್‌ಮನ್ ಎಂಬ ಅಮೆರಿಕದ ಎಂಜಿನಿಯರ್ 1985ರಲ್ಲೇ ಕೊಟ್ಟಿದ್ದಾರೆ. ಸ್ಪ್ಯಾನಿಂಗ್ ಟ್ರೀ ಎಂಬ ಅವರ ವಿಧಾನದಲ್ಲಿ ಸ್ವಿಚ್ಚುಗಳು ತಮ್ಮೊಳಗೆ ಮಾತಾಡಿಕೊಂಡು, ವೃತ್ತ ಕಂಡಲ್ಲಿ ಒಂದು ಕೊಂಡಿಯನ್ನು ತಾವೇ ಮುಚ್ಚಿಡುತ್ತವೆ. ಕಚೇರಿಗಳ ಸ್ವಿಚ್ಚುಗಳಲ್ಲಿ ಅದು ಇರುತ್ತದೆ. ಮನೆಗೆ ತರುವ ಐದು ಕಿಂಡಿಯ ಅಗ್ಗದ ಸ್ವಿಚ್ಚುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಇಂಥ ಹೊತ್ತಿನಲ್ಲಿ ಯಾವ ಸೆಟ್ಟಿಂಗ್ ಪುಟವೂ ತೆರೆಯುವುದಿಲ್ಲವಾದ್ದರಿಂದ ಕಣ್ಣೇ ಉಪಕರಣ. ಒಂದೊಂದೇ ಕೇಬಲನ್ನು ಕಳಚುತ್ತ ಹೋಗಬೇಕು, ಯಾವುದನ್ನು ಕಳಚಿದಾಗ ದೀಪಗಳ ತಾಳ ತಪ್ಪಿ ಸಹಜವಾಗಿ ಮಿನುಗತೊಡಗುತ್ತವೆಯೋ ಅದೇ ವೃತ್ತದ ಕೊಂಡಿ. ನಮಗೆ ಎರಡನೆಯ ಕೇಬಲಿಗೇ ಸಿಕ್ಕಿತು. ಎಕ್ಸ್‌ಟೆಂಡರನ್ನು ಕೇಬಲಿನಿಂದ ಪಡೆದು ವೈಫೈಯಾಗಿ ಕೊಡುವ ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಬದಲಿಸಿದ ಮೇಲೆ ಅದು ಉಪ್ಪರಿಗೆಯ ವೈಫೈಯನ್ನು ಹಿಡಿಯುವುದನ್ನು ಬಿಟ್ಟಿತು, ಕ್ಯಾಮೆರಾದ ಚಿತ್ರವೂ ನಿಂತದ್ದಿಲ್ಲ. ಈಗ ಮನೆಯಲ್ಲಿ ಮೂರು ಕಡೆಯಿಂದ ವೈಫೈ ಬರುತ್ತದೆ, 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ತಗಲದ 1, 6, 11ನೇ ಚಾನೆಲ್‌ಗಳನ್ನು ಒಂದೊಂದಕ್ಕೆ ಕೊಟ್ಟಿದ್ದೇನೆ.

ಅಲ್ಲಿಂದ ಈಚೆಗೆ ಮನೆಯಲ್ಲಿ ನೆಟ್ ಇಲ್ಲವೆಂದರೆ ನಾನು ಮೊದಲು ಕೇಳುವುದು ವಿಳಾಸದ ಮೂರನೆಯ ಅಂಕಿ ಎಷ್ಟು ಎಂದು. 169.254ರಿಂದ ಆರಂಭವಾಗುವ ವಿಳಾಸವಿದ್ದರೆ ಯಾರೂ ವಿಳಾಸ ಕೊಟ್ಟಿಲ್ಲ, ಸಾಧನ ತಾನೇ ಒಂದನ್ನು ಹಾಕಿಕೊಂಡಿದೆ ಎಂದರ್ಥ. ಆಗ ಕೇಬಲನ್ನೋ ಮೋಡೆಮನ್ನೋ ನೋಡಬೇಕು. ವಿಳಾಸ ಸರಿಯಿದ್ದರೆ ಗೇಟ್‌ವೇಗೆ ಪಿಂಗ್, ಅಂದರೆ ಇದ್ದೀಯಾ ಎಂದು ಕೇಳಿ ಉತ್ತರ ಕಾಯುವುದು, ಅನಂತರ ಹೊರಗಿರುವ ಗೂಗಲ್‌ನ 8.8.8.8ಕ್ಕೆ ಪಿಂಗ್, ಅನಂತರ ಯಾವುದಾದರೂ ಹೆಸರಿಗೆ ಪಿಂಗ್. ಗೇಟ್‌ವೇ ಉತ್ತರಿಸಿ 8.8.8.8 ಉತ್ತರಿಸದಿದ್ದಾಗ ಮಾತ್ರ ಕಂಪನಿಗೆ ಫೋನ್ ಮಾಡುತ್ತೇನೆ. ಈ ಪರೀಕ್ಷೆಯನ್ನು ಕೇಬಲ್ ಕಳಚಿ ವೈಫೈಯಲ್ಲಿ ಒಮ್ಮೆ, ವೈಫೈ ಆರಿಸಿ ಕೇಬಲಿನಲ್ಲಿ ಒಮ್ಮೆ ಮಾಡಬೇಕು. ಎರಡೂ ಇರುವಾಗ ಮಾಡಿದರೆ ಉತ್ತರ ಯಾವ ದಾರಿಯದೆಂದು ತಿಳಿಯುವುದಿಲ್ಲ.

ಕೊಟ್ಟಿಗೆಗೆ ಎಳೆದ ಆ ನಲವತ್ತು ಮೀಟರ್ ಕೇಬಲ್ ಮಾತ್ರ ಬಹಳ ದಿನ ಉಳಿಯಲಿಲ್ಲ. ಮಳೆಗಾಲಕ್ಕೆ ಮುಂಚೆ, ಏಪ್ರಿಲ್‌ನ ಒಂದು ಸಂಜೆ ಗುಡುಗುವಾಗ ಅಪ್ಪ ವಾಡಿಕೆಯಂತೆ ಟಿವಿ, ಮೋಡೆಮ್ ಎಲ್ಲದರ ಪ್ಲಗ್ ಕಿತ್ತಿಟ್ಟಿದ್ದರು. ಅಂಗಳದಾಚೆ ತೆಂಗಿನ ಮರಕ್ಕೆ ಸಿಡಿಲು ಬಡಿಯಿತು. ಪ್ಲಗ್ ಕಿತ್ತಿದ್ದರೂ ಬಯಲಿನಲ್ಲಿ ಹಾದುಹೋದ ತಾಮ್ರದ ಕೇಬಲ್ ಸ್ವಿಚ್ಚಿಗೆ ಸೇರಿಕೊಂಡೇ ಇತ್ತು. ಅದರ ಒಂದು ಕಿಂಡಿಯೂ ಕೊಟ್ಟಿಗೆಯ ಎಕ್ಸ್‌ಟೆಂಡರೂ ಸುಟ್ಟವು. ಎರಡು ಕಟ್ಟಡಗಳ ನಡುವೆ ತಾಮ್ರ ಹಾಕಬಾರದೆಂದು ಓದಿದ್ದು ನನಗೆ ನೆನಪಾದದ್ದು ಆಮೇಲೆ. ಈಗ ಅಲ್ಲಿಗೆ ಫೈಬರ್ ಎಳೆದು ಎರಡು ತುದಿಗೂ, ಫೈಬರಿನ ಬೆಳಕನ್ನು ತಾಮ್ರದ ಕೇಬಲಿನ ಸಂಕೇತಕ್ಕೆ ಬದಲಿಸಿಕೊಡುವ ಮೀಡಿಯಾ ಕನ್ವರ್ಟರ್ ಇಟ್ಟಿದ್ದೇವೆ. ಆ ಫೈಬರಿಗೂ ಜೋತು ಹಾಕಲೆಂದು ಪಕ್ಕದಲ್ಲಿ ಒಂದು ಉಕ್ಕಿನ ಎಳೆ ಇರುತ್ತದೆ. ಮನೆಯೊಳಗೆ ಬರುವ ಮೊದಲೇ, ಹೊರಗಿನ ಕಂಬದಲ್ಲಿ ಅದನ್ನು ಬಿಡಿಸಿ ಕತ್ತರಿಸಿ, ಗಾಜಿನ ಎಳೆಯಿರುವ ಭಾಗವನ್ನಷ್ಟೇ ಒಳಗೆ ತಂದೆವು. ಸ್ವಿಚ್ಚಿನ ಸುಟ್ಟ ಕಿಂಡಿಯ ಮೇಲೆ ಅಮ್ಮ ಕಪ್ಪು ಟೇಪು ಅಂಟಿಸಿದ್ದಾರೆ, ಉಳಿದ ನಾಲ್ಕು ನಡೆಯುತ್ತಿವೆ.